ಸೇವಾರ್ಥ ಡೀಸೆಲ್

ನಾಸಿಕ್ ಜಿಲ್ಲೆಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ವಾರಿಜಾಕ್ಷಿಯಮ್ಮನವರ ಮನೆತನಕ್ಕಿಂತ ಹಳೆಯದೂ ಗೌರವಸ್ಥವೂ ಆದ ಮನೆತನ ಇನ್ನೊಂದಿಲ್ಲ. ಇದು ಅಭಿಪ್ರಾಯವಲ್ಲ. ಅವರ ಮಾವನವರ ತಂದೆ ಕುಂದಾಪುರದ ಕಡೆಯಿಂದ ಒಂದು ಇಡ್ಲಿ ಪಾತ್ರೆ ಹೊತ್ತು ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಇಳಿದಾಗ, ಇಡ್ಲಿಯೆಂಬುದು ತಿನ್ನುವ ವಸ್ತುವೋ ಗಾಯಕ್ಕೆ ಒತ್ತುವ ವಸ್ತುವೋ ಎಂದು ಊರಿಗೆ ತಿಳಿದಿರಲಿಲ್ಲ. ಆ ಮಹನೀಯರು ತಿಳಿಸಿಕೊಟ್ಟರು. ಅಂದಿನಿಂದ ಮೂರು ತಲೆಮಾರು ಆ ಹೋಟೆಲು ನಡೆಯುತ್ತಿದೆ. ಅಲ್ಲಿ ಉಂಡವರು ಉಪ್ಪು ಹೆಚ್ಚಾಯಿತು ಎಂದಿದ್ದಾರೆ, ಖಾರ ಸಾಲದು ಎಂದಿದ್ದಾರೆ. ನೋಟು ಅಚ್ಚುಹಾಕುವ ಪ್ರೆಸ್ಸಿನ ಗುಮಾಸ್ತರೊಬ್ಬರು ವಡೆಯ ತೂತು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿದೆ ಎಂದು ಬರೆದು ಕೊಟ್ಟಿದ್ದಾರೆ. ಆದರೆ ಹಳಸಿದೆ ಎಂದು ಮಾತ್ರ ಇದುವರೆಗೆ ಯಾರೂ ಅಂದಿಲ್ಲ.

ವಾರಿಜಾಕ್ಷಿಯಮ್ಮನವರು ಮಂಗಳೂರಿನ ಕಾನ್ವೆಂಟಿನಲ್ಲಿ ಓದಿದವರು. ಬೆನ್ನನ್ನು ಕುರ್ಚಿಗೆ ತಾಗಿಸದೆ ಕೂರುವುದನ್ನೂ, ಶುರು ಮಾಡಿದ ವಾಕ್ಯವನ್ನು ಮುಗಿಸಿಯೇ ಬಿಡುವುದನ್ನೂ ಅಲ್ಲಿಯ ಸಿಸ್ಟರುಗಳು ಕಲಿಸಿದ್ದರು. ಪತಿ ಕಿಟ್ಟಣ್ಣನವರು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವುದು ಅವರಿಗೇ ಇಷ್ಟವಿಲ್ಲ.

ವಾರಿಜಾಕ್ಷಿಯಮ್ಮನವರ ಮಾವ ದಿವಂಗತ ದೇವದಾಸರು ಜಿಲ್ಲೆಯ ಕನ್ನಡ ಹೋಟೆಲು ಮಾಲೀಕರನ್ನು ಕೂಡಿಸಿ ಪಾತ್ರೆ ಸಮಿತಿಯನ್ನು ಕಟ್ಟಿದವರು. ಯಾರ ಮನೆಯಲ್ಲಿ ಮದುವೆಯಾದರೂ ಕೊಪ್ಪರಿಗೆ, ಹಂಡೆ, ಸೌಟುಗಳನ್ನು ಒದಗಿಸುವುದು ಸಮಿತಿಯ ಕೆಲಸ. ಪ್ರತಿ ಪಾತ್ರೆಯ ಕಂಠದ ಮೇಲೆ ಅದನ್ನು ಕೊಟ್ಟವರ ಹೆಸರು ಕೆತ್ತಿರುತ್ತದೆ. ದಾನಿಯ ಹೆಸರಿರುವ ವಸ್ತುವನ್ನು ಯಾವ ಕಾರಣಕ್ಕೂ ಎಸೆಯಕೂಡದು, ಬೇಕಾದರೆ ಕಲಾಯಿ ಹಾಕಿಸಬಹುದು ಎಂಬುದು ಸಮಿತಿಯ ಮೊದಲನೆಯ ನಿಯಮ. ಎರಡನೆಯ ನಿಯಮವನ್ನು ಮಾಡುವ ಅಗತ್ಯ ಈವರೆಗೆ ಬಿದ್ದಿಲ್ಲ.

ಸಮಿತಿ ಒಂದು ಲಾರಿಯನ್ನು ಕೊಂಡಾಗ ಬಾಗಿಲು ಒಬ್ಬರ ಹೆಸರಿಗೆ, ಹಾರನ್ ಇನ್ನೊಬ್ಬರ ಹೆಸರಿಗೆ ಹೋಯಿತು. ದೇವದಾಸರು ಎಲ್ಲರನ್ನೂ ಮೀರಿಸಿ ಟ್ಯಾಂಕ್ ತುಂಬ ಡೀಸೆಲ್ ದಾನ ಮಾಡಿದರು. ಡೀಸೆಲ್ಲಿನ ಮೇಲೆ ಹೆಸರು ಕೆತ್ತುವ ವಿದ್ಯೆ ನಾಸಿಕದ ಕಂಚುಗಾರರಿಗೆ ಬಾರದಿದ್ದುದರಿಂದ ಟ್ಯಾಂಕಿಗೆ ಹಿತ್ತಾಳೆಯ ಫಲಕ ಬಡಿಯಲಾಯಿತು: ‘ಇದರೊಳಗಿನ ಡೀಸೆಲ್ ಶ್ರೀ ದೇವದಾಸರ ಸೇವಾರ್ಥ.’ ಲಾರಿ ಗೋದಾವರಿಯ ತನಕ ಹೋಗಿ ಪೂಜೆ ಮಾಡಿಸಿಕೊಂಡು ಬಂದಿತು. ಮಳೆಗಾಲ ಮುಗಿಯುವುದರೊಳಗೆ ದೇವದಾಸರು ತೀರಿಕೊಂಡರು. ಪಾತ್ರೆಗಳನ್ನು ರೈಲಿನಲ್ಲಿ ಕಳಿಸುವುದೇ ಅಗ್ಗ ಎಂದು ಸಮಿತಿಗೆ ತಿಳಿಯಿತು. ಲಾರಿ ನಾಸಿಕ್ ರೋಡಿನ ಗೋದಾಮಿನ ಹಿಂದೆ ನಾಲ್ಕು ವರ್ಷ ನಿಂತಿತು. ಅದರ ಬಾನೆಟ್ಟಿನ ಮೇಲೆ ಸಂಡಿಗೆ ಒಣಗುತ್ತಿತ್ತು. ಸಮಿತಿಯ ವಾರ್ಷಿಕ ವರದಿಯಲ್ಲಿ ಪ್ರತಿ ವರ್ಷವೂ ‘ಲಾರಿ ಸುಸ್ಥಿತಿಯಲ್ಲಿದೆ’ ಎಂದು ಬರೆಯಲಾಗುತ್ತಿತ್ತು. ನಿಂತ ಲಾರಿಯ ಬಗ್ಗೆ ಅನ್ಯಥಾ ಹೇಳಲು ಯಾರ ಬಳಿಯೂ ಪುರಾವೆ ಇರಲಿಲ್ಲ.

ಹೀಗಿರುವಾಗ ೧೯೭೪ರ ಮೇ ತಿಂಗಳು ಬಂದಿತು. ದೇಶದಾದ್ಯಂತ ರೈಲಿನವರು ಮುಷ್ಕರ ಹೂಡಿದರು. ಅದೇ ತಿಂಗಳು ವಾರಿಜಾಕ್ಷಿಯಮ್ಮನವರ ಮಗಳು ರಾಜೀವಿಯ ಮದುವೆ ಔರಂಗಾಬಾದಿನಲ್ಲಿ ಗೊತ್ತಾಗಿತ್ತು. ವರನ ತಂದೆ ಕೃಷ್ಣರಾಜರದು ಅಲ್ಲಿ ದೊಡ್ಡ ಹೋಟೆಲು. ಅವರು ಟ್ರಂಕ್ ಕಾಲ್ ಮಾಡಿ ಬಹಳ ಪ್ರೀತಿಯಿಂದ ಹೇಳಿದರು:

“ರೈಲಿಲ್ಲದಿದ್ದರೆ ಬಿಡಿ, ಎಂತಕ್ಕೆ ತಲೆಬಿಸಿ? ನಮ್ಮ ಪಾತ್ರೆಯಲ್ಲೇ ಅಡುಗೆ ಮಾಡಿಸುವ. ನಮ್ಮ ತಂದೆಯವರ ಹೆಸರಿನ ಕೊಪ್ಪರಿಗೆಗಳೇ ಬೇಕಾದಷ್ಟು ಉಂಟು.”

ವಾರಿಜಾಕ್ಷಿಯಮ್ಮನವರು ಫೋನನ್ನು ಮೆತ್ತಗೆ ಕೆಳಗಿಟ್ಟರು. ಮದುವೆಯ ಊಟ ಹೆಣ್ಣಿನ ಕಡೆಯವರದು. ಆ ಊಟವನ್ನು ಗಂಡಿನ ಅಜ್ಜನ ಹೆಸರಿನ ಸೌಟಿನಲ್ಲಿ ಬಡಿಸಿದರೆ, ಪಂಕ್ತಿಯಲ್ಲಿ ಕೂತ ಪ್ರತಿಯೊಬ್ಬರೂ ಅನ್ನಕ್ಕೆ ಮೊದಲು ಆ ಹೆಸರನ್ನು ಓದುತ್ತಾರೆ. ರಾಜೀವಿ ಆ ಮನೆಯಲ್ಲಿ ಬದುಕಿರುವಷ್ಟು ಕಾಲವೂ, ಸಾರಿಗೆ ಉಪ್ಪು ಮರೆತಾಗಲೆಲ್ಲ, ಬೀಗರ ಪಾತ್ರೆಯಲ್ಲಿ ಮದುವೆ ಊಟ ಬೇಯಿಸಿಕೊಂಡು ಬಂದವಳು ಎಂದು ಕೇಳಬೇಕಾಗುತ್ತದೆ.

“ಲಾರಿ ಹೊರಡಿಸಿ,” ಎಂದರು.

ಲಾರಿ ಹೊರಟಿತು. ಇದನ್ನು ಒಪ್ಪಿಕೊಳ್ಳಲೇಬೇಕು. ಬೀದರಿನ ಕಡೆಯ ಚಾಲಕ ರೇವಣಪ್ಪನು ಬೇರೆ ಬ್ಯಾಟರಿ ತಂದು ಜೋಡಿಸಿ ಕೀಲಿ ತಿರುಗಿಸಿದಾಗ ಅದು ಎದ್ದಿತು, ಎರಡು ಬಾರಿ ಸೀನಿತು, ಬಿಳಿಯ ಹೊಗೆ ಬಿಟ್ಟಿತು, ಆಮೇಲೆ ಕ್ಷಯದವರಂತೆ ಕೆಮ್ಮಲು ಆರಂಭಿಸಿತು. ಇಡೀ ಮೈ ನಡುಗಿ, ಹೆಡ್‌ಲೈಟಿನ ಒಂದು ಗಾಜು ತಾನಾಗಿ ಕಳಚಿ ಬಿದ್ದಿತು. ವೇಗ ಕೊಟ್ಟರೆ ಉಸಿರು ಕಟ್ಟುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು.

ರೇವಣಪ್ಪ ಕೆಳಗಿಳಿದು ಕೈ ಒರೆಸಿಕೊಂಡ. “ಬಾಯಾರ, ಇದರಾಗ ಏನೂ ಇಲ್ರಿ. ಎಣ್ಣಿ ಹಳೀದಾಗ್ಯಾದ, ನೀರು ಸೇರ್ಯಾದ. ಟ್ಯಾಂಕ್ ಖಾಲಿ ಮಾಡ್ರಿ, ಹೊಸಾದು ಹಾಕ್ರಿ. ಕುದುರಿ ಆಗ್ತದ.”

ಚಾಲಕನ ಮಾತನ್ನು ಚಾಲಕನ ಮಾತೆಂದೇ ಪರಿಗಣಿಸಲಾಯಿತು. ಸಮಿತಿಯ ಅಧ್ಯಕ್ಷ ರತ್ನಾಕರರ ಅಕ್ಕನ ಮಗ ಜಯರಾಮ ಓಝರಿನ ವಿಮಾನ ಕಾರ್ಖಾನೆಯಲ್ಲಿ ಇಂಜಿನಿಯರು. ಆಕಾಶದಲ್ಲಿ ನಿಲ್ಲದಂತೆ ನೋಡಿಕೊಳ್ಳುವವನು ನೆಲದ ಮೇಲೆ ನಿಲ್ಲದಂತೆ ನೋಡಿಕೊಳ್ಳಲಾರನೇ ಎಂದು ಅವನನ್ನು ಕರೆಸಲಾಯಿತು. ಜಯರಾಮ ಟ್ಯಾಂಕಿನ ಮುಚ್ಚಳ ತೆಗೆದು ಮೂಸಿದ, ಮುಖ ತಿರುಗಿಸಿದ, ಮತ್ತೆ ಮುಚ್ಚಿದ.

“ಮಾವ, ಡೀಸೆಲ್ ಕೆಟ್ಟಿದೆ. ಖಾಲಿ ಮಾಡಿಸಿ, ಫಿಲ್ಟರ್ ತೊಳೆಸಿ. ಅಷ್ಟೆ.”

ಹೀಗೆ ರೋಗ ಯಾವುದೆಂಬ ವಿಷಯದಲ್ಲಿ ಮೊದಲ ದಿನವೇ ಯಾರಿಗೂ ಸಂಶಯ ಉಳಿಯಲಿಲ್ಲ. ಆದ್ದರಿಂದ ಸಮಿತಿಯ ತುರ್ತು ಸಭೆ ಕರೆಯುವುದು ಅನಿವಾರ್ಯವಾಯಿತು.

ಸಭೆ ಗೋದಾಮಿನಲ್ಲಿ, ಮಗುಚಿಟ್ಟ ಕೊಪ್ಪರಿಗೆಗಳ ಮೇಲೆ ಕೂತು ನಡೆಯಿತು. ವಾರಿಜಾಕ್ಷಿಯಮ್ಮನವರು ತಮ್ಮ ಮಾವನವರ ಕೊಪ್ಪರಿಗೆಯ ಮೇಲೆ ಕೂರದೆ ಅದರ ಪಕ್ಕದಲ್ಲಿ ನಿಂತರು.

“ಟ್ಯಾಂಕನ್ನು ಖಾಲಿ ಮಾಡುವುದು ಎಂದರೆ ಏನು?” ಎಂದು ಅವರು ಕೇಳಿದರು. “ಒಳಗಿರುವುದನ್ನು ಎಸೆಯುವುದು. ಒಳಗಿರುವುದು ಯಾರದು? ಫಲಕವನ್ನು ಯಾರಾದರೂ ಗಟ್ಟಿಯಾಗಿ ಓದಿ.”

ಕಾರ್ಯದರ್ಶಿ ಸದಾನಂದರು ಹೊರಗೆ ಹೋಗಿ ಗಟ್ಟಿಯಾಗಿ ಓದಿ ಬಂದರು.

“ನಮ್ಮ ಮಾವನವರ ಕೊಪ್ಪರಿಗೆ ತೂತಾದಾಗ ಎಸೆದಿರೇ? ಬೆಸುಗೆ ಹಾಕಿಸಿದಿರಿ. ಸೌಟಿನ ಹಿಡಿ ಮುರಿದಾಗ? ಹಿಡಿ ಹಾಕಿಸಿದಿರಿ. ಹಾಗಿರುವಾಗ ಅವರ ಡೀಸೆಲ್ಲನ್ನು ಮಾತ್ರ ಚರಂಡಿಗೆ ಚೆಲ್ಲುವುದು ಯಾವ ನಿಯಮದ ಪ್ರಕಾರ?”

“ಅತ್ತೆ, ಡೀಸೆಲ್ಲಿಗೆ ಬೆಸುಗೆ ಹಾಕ್ಲಿಕ್ಕೆ ಬರುವುದಿಲ್ಲ,” ಎಂದ ಜಯರಾಮ.

“ವಿಮಾನದ ವಿಷಯ ಬಂದಾಗ ನಿಮ್ಮನ್ನು ಕೇಳಲಾಗುವುದು.”

ಟ್ಯಾಂಕನ್ನು ಬಿಟ್ಟು ಉಳಿದುದೆಲ್ಲವನ್ನೂ ಸರಿಪಡಿಸಬೇಕೆಂದು ಸಭೆ ಒಮ್ಮತದಿಂದ ನಿರ್ಣಯಿಸಿತು. ಹಾರನ್ ದುರಸ್ತಿ ಮಾಡಿಸಲಾಯಿತು. ಲಾರಿ ಮೊದಲಿನಂತೆಯೇ ಕೆಮ್ಮಿತು, ಆದರೆ ಹಾರನ್ ಚೆನ್ನಾಗಿ ಕೇಳಿಸಿತು. ಸೀಟಿಗೆ ಹೊಸ ರೆಕ್ಸಿನ್ ಹೊದಿಸಲಾಯಿತು. ಚಕ್ರಗಳನ್ನು ಅದಲುಬದಲು ಮಾಡಿ, ಕೆಮ್ಮು ಹಿಂದಿನ ಚಕ್ರಗಳಿಂದ ಬರುತ್ತಿಲ್ಲ ಎಂಬುದನ್ನು ಖಚಿತಪಡಿಸಿಕೊಳ್ಳಲಾಯಿತು. ಲಾರಿಯ ಮುಖ ದಕ್ಷಿಣಕ್ಕಿದೆ ಎಂದು ಯಾರೋ ಹೇಳಿದ್ದರಿಂದ ಎಂಟು ಜನ ತಳ್ಳಿ ಪೂರ್ವಕ್ಕೆ ತಿರುಗಿಸಿದರು. ಅದು ಪೂರ್ವಾಭಿಮುಖವಾಗಿ ಕೆಮ್ಮಿತು.

ಮದುವೆಗೆ ಮೂರೇ ದಿನ ಉಳಿದಿತ್ತು. ಆಗ ಸದಾನಂದರು ಎದ್ದು ನಿಂತರು. ಅವರ ಹೋಟೆಲಿನ ದೋಸೆಗೆ ಓಝರಿನಿಂದಲೂ ಜನ ಬರುತ್ತಾರೆ. ಹುದುಗಿನ ವಿಷಯದಲ್ಲಿ ಅವರ ಮಾತನ್ನು ಮೀರುವವರು ಜಿಲ್ಲೆಯಲ್ಲಿಲ್ಲ.

“ನಾವು ದೋಸೆ ಹಿಟ್ಟನ್ನು ಪೂರಾ ಖಾಲಿ ಮಾಡ್ತೇವಾ?” ಎಂದು ಅವರು ಕೇಳಿದರು. “ಇಲ್ಲ. ನಿನ್ನೆಯದು ಸ್ವಲ್ಪ ಉಳಿಸಿ ಇವತ್ತಿನದಕ್ಕೆ ಸೇರಿಸ್ತೇವೆ. ಮೊಸರಿಗೂ ಹಾಗೆಯೇ. ಹಳೆಯದು ಹೆಪ್ಪು, ಹೊಸದು ಹಾಲು. ನನ್ನ ಪಾತ್ರೆಯಲ್ಲಿ ನನ್ನ ಅಜ್ಜ ಹಾಕಿದ ಹೆಪ್ಪು ಇನ್ನೂ ಉಂಟು ಮಾರಾಯ್ರೆ! ದೇವದಾಸರ ಡೀಸೆಲ್ ಹಾಗೇ ಇರಲಿ. ಅದರ ಮೇಲೆ ಹೊಸದು ಹೊಯ್ಯುವ. ಹೆಪ್ಪುಗಟ್ಟಿಕೊಳ್ಳಲಿ.”

ಗೋದಾಮಿನಲ್ಲಿ ಮೆಚ್ಚುಗೆಯ ಗುಜುಗುಜು ಎದ್ದಿತು.

“ಹೆಪ್ಪು ಅಂದರೆ ಒಂದು ಚಮಚ,” ಎಂದ ಜಯರಾಮ. “ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಉಂಟು.”

“ನಾಲ್ಕು ವರ್ಷ ಇಟ್ಟ ಹೆಪ್ಪಿಗೆ ಬಲ ಕಡಿಮೆ. ಜಾಸ್ತಿಯೇ ಬೇಕಾಗ್ತದೆ,” ಎಂದು ಸದಾನಂದರು ಅನುಕಂಪದಿಂದ ವಿವರಿಸಿದರು.

ನಿರ್ಣಯ ಅಂಗೀಕಾರವಾಯಿತು. ಹೊಸ ಡೀಸೆಲ್ ಹೊಯ್ದು, ಮರದ ಕೋಲಿನಿಂದ ಒಂದೇ ದಿಕ್ಕಿಗೆ ತಿರುವಿ, ಮುಚ್ಚಳ ಮುಚ್ಚಿ, ಟ್ಯಾಂಕಿಗೆ ಗೋಣಿಚೀಲ ಸುತ್ತಿ ರಾತ್ರಿ ಬೆಚ್ಚಗೆ ಬಿಡಲಾಯಿತು. ಮೇ ತಿಂಗಳಲ್ಲಿ ಗೋಣಿ ಬೇಕೇ ಎಂದು ಒಬ್ಬ ಸದಸ್ಯರು ಕೇಳಿದರು. ಹುಳಿ ಹೆಚ್ಚಾದೀತೆಂಬ ಅವರ ಭಯವನ್ನು ಸಭೆ ಗಮನಿಸಿ, ಗೋಣಿಯನ್ನು ಒಂದೇ ಸುತ್ತು ಸುತ್ತಿಸಿತು. ಬೆಳಿಗ್ಗೆ ಲಾರಿ ಕೆಮ್ಮಿತು. ಕೆಮ್ಮಿನಲ್ಲಿ ಒಂದು ಹದ ಬಂದಿದೆ ಎಂದು ಸದಾನಂದರು ಹೇಳಿದರು, ಎಲ್ಲರಿಗೂ ಹಾಗೆಯೇ ಕೇಳಿಸಿತು. ಜಯರಾಮನಿಗೂ ಕೇಳಿಸಿತು. ಅವನಿಗೆ ರತ್ನಾಕರರ ಮಗಳನ್ನು ಕೊಡುವ ಮಾತು ನಡೆಯುತ್ತಿತ್ತು.

ಸಮಿತಿಯ ಪಾತ್ರೆಗಳು ಔರಂಗಾಬಾದಿಗೆ ಮನ್ಮಾಡಿನ ಮೇಲೆ ಹೋಗತಕ್ಕದ್ದು ಎಂದು ರೈಲಿನ ಕಾಲದಲ್ಲಿ ಗೊತ್ತುಪಡಿಸಲಾಗಿತ್ತು. ನಿಫಾಡದ ಮೇಲೆ ನೇರ ರಸ್ತೆ ಇದ್ದರೂ ಲಾರಿ ಚಾಂದವಡ್, ಮನ್ಮಾಡ್ ಸುತ್ತಿಕೊಂಡೇ ಹೋಗಬೇಕಾಯಿತು. ಕೊಪ್ಪರಿಗೆಗಳನ್ನು ಹೇರಲಾಯಿತು. ಕಿಟ್ಟಣ್ಣನವರೂ ರಾಜೀವಿಯೂ ನೆಂಟರೊಡನೆ ಬಸ್ಸಿನಲ್ಲಿ ಮುಂದೆ ಹೋದರು. ವಾರಿಜಾಕ್ಷಿಯಮ್ಮನವರು ಕ್ಯಾಬಿನ್ನಿನಲ್ಲಿ, ಹೊಸ ರೆಕ್ಸಿನ್ನಿಗೆ ಬೆನ್ನು ತಾಗಿಸದೆ, ಮಡಿಲಲ್ಲಿ ಕೊಡೆ ಇಟ್ಟುಕೊಂಡು ಕೂತರು.

ಓಝರ್ ದಾಟುವಾಗ ಸೈಕಲ್ಲಿನವರು ಲಾರಿಯನ್ನು ಹಿಂದೆ ಹಾಕಿದರು. ಒಬ್ಬ ಮುದುಕ ನಡೆದುಕೊಂಡೇ ಸಾಕಷ್ಟು ದೂರ ಜೊತೆಗೆ ಬಂದು, ರೇವಣಪ್ಪನ ಹತ್ತಿರ ಬೀಡಿಗೆ ಬೆಂಕಿ ಪಡೆದು, ಆಮೇಲೆ ಮುಂದೆ ಹೋದ.

“ಬಾಯಾರ, ಹಿಂಗ ಹೋದ್ರ ಮದುವಿಗಿ ಅಲ್ರಿ, ಮೊಮ್ಮಗನ ತೊಟ್ಟಿಲಿಗಿ ಮುಟ್ಟತೀವಿ.”

“ನೀವು ರಸ್ತೆಯನ್ನು ನೋಡಿ.”

“ರಸ್ತಾ ಎಲ್ಲಿ ಹೊಂಟದ್ರೀ? ಇಲ್ಲೇ ಅದ.”

ಚಾಂದವಡ್ ಮುಟ್ಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಮುಂದಿನ ದಾರಿಯಲ್ಲಿ ಲಾರಿ ಪೂರ್ತಿ ನಿಲ್ಲದಿರಲೆಂದು ಗುಡ್ಡದ ರೇಣುಕಾ ದೇವಿಗೆ ತೆಂಗಿನಕಾಯಿ ಒಡೆಯಬೇಕೆಂದು ವಾರಿಜಾಕ್ಷಿಯಮ್ಮನವರು ನಿಶ್ಚಯಿಸಿದರು. ಕಾಯಿ ಹೊರಲು ರೇವಣಪ್ಪನನ್ನು ಕರೆದುಕೊಂಡರು. ಲಾರಿಯನ್ನು ಈರುಳ್ಳಿ ಮಾರುಕಟ್ಟೆಯ ಹತ್ತಿರ ಬೇವಿನ ಮರದ ಕೆಳಗೆ, ಬೇರೆ ಲಾರಿಗಳ ಸಾಲಿನಲ್ಲಿ ನಿಲ್ಲಿಸಿದ್ದರು. ಆ ವರ್ಷ ಡೀಸೆಲ್ಲಿಗೆ ಎಲ್ಲೆಡೆ ಬರಗಾಲ. ಬಾಯಲ್ಲಿ ರಬ್ಬರ್ ಕೊಳವೆ ಕಚ್ಚಿಕೊಂಡು ಅಲೆಯುವವರು ಹೆದ್ದಾರಿಯಲ್ಲಿ ಒಂದು ಕಸುಬಿನವರೇ ಆಗಿಹೋಗಿದ್ದರು. ಪ್ರಸಾದ ಹಿಡಿದು ಕೆಳಗೆ ಬಂದು ನೋಡಿದರೆ, ಪಕ್ಕದಲ್ಲಿದ್ದ ಈರುಳ್ಳಿ ಲಾರಿ ಇರಲಿಲ್ಲ. ಟ್ಯಾಂಕಿನ ಮುಚ್ಚಳ ನೆಲದ ಮೇಲಿತ್ತು. ಒಳಗೆ ತೊಟ್ಟೂ ಉಳಿದಿರಲಿಲ್ಲ. ಫಲಕ ಮಾತ್ರ ಇದ್ದಲ್ಲೇ ಇತ್ತು.

ರೇವಣಪ್ಪ ದೇವಿಯ ಗುಡ್ಡದ ಕಡೆಗೆ ತಿರುಗಿ ಕೈಮುಗಿದ. “ಭಾಳ ಜಾಗೃತ ದೇವರದ್ರೀ ಬಾಯಾರ.”

ವಾರಿಜಾಕ್ಷಿಯಮ್ಮನವರು ಟಿನ್ನು ಹಿಡಿದ ರೇವಣಪ್ಪನನ್ನು ಹಿಂದಿಟ್ಟುಕೊಂಡು ಪೆಟ್ರೋಲ್ ಪಂಪಿಗೆ ನಡೆದರು. ಪಂಪಿನ ಮೇಲೆ ‘ಸ್ಟಾಕ್ ಇಲ್ಲ’ ಎಂಬ ಹಲಗೆ ತೂಗುತ್ತಿತ್ತು. ಅವರು ಮ್ಯಾನೇಜರನ ಮುಂದೆ ನಿಂತು, ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷಿನಲ್ಲಿ, ಸತ್ಯಸಂಧತೆಯ ವಿಷಯವಾಗಿ ಎಲ್ಲಿಯೂ ನಿಲ್ಲದೆ ಮಾತಾಡಿದರು. ಅವನಿಗೆ ಒಂದು ಅಕ್ಷರವೂ ತಿಳಿಯಲಿಲ್ಲ, ಆದರೆ ಸ್ಟಾಕ್ ಇರುವುದು ನೆನಪಾಯಿತು.

ಹೊಸದನ್ನು ತುಂಬುವ ಮೊದಲು ರೇವಣಪ್ಪ ತಲೆ ಕೆರೆದುಕೊಂಡ. “ಫಿಲ್ಟರ್ ತೊಳೀಲೇನ್ರಿ?”

“ಫಿಲ್ಟರಿನ ಮೇಲೆ ಯಾರ ಹೆಸರಿದೆ?”

“ಯಾರದೂ ಇಲ್ರಿ.”

“ಹಾಗಾದರೆ ತೊಳೆಯಿರಿ.”

ಅವನು ತೊಳೆದ, ಡೀಸೆಲ್ ತುಂಬಿದ, ಪೈಪಿನಲ್ಲಿದ್ದ ಗಾಳಿ ಹೊರಬಿಟ್ಟ, ಕೀಲಿ ತಿರುಗಿಸಿದ. ಲಾರಿ ಕೆಮ್ಮದೆ, ಸೀನದೆ, ಗುಂಯ್ ಎಂದು ಎದ್ದಿತು. ರಸ್ತೆಗೆ ಇಳಿದ ಮೇಲಂತೂ ಹಿಂದಿದ್ದ ಸೌಟುಗಳು ಕೂಡ ಸದ್ದು ನಿಲ್ಲಿಸಿದವು. ಅಂತಹ ಅವಮಾನವನ್ನು ವಾರಿಜಾಕ್ಷಿಯಮ್ಮನವರು ಜೀವಮಾನದಲ್ಲಿ ಅನುಭವಿಸಿರಲಿಲ್ಲ. ಒಂದೊಂದು ಮೈಲಿಗಲ್ಲು ಹಿಂದೆ ಸರಿದಂತೆಲ್ಲ ಆ ಲಾರಿ ಅವರ ಮಾವನವರ ಬಗ್ಗೆ ಏನೋ ಹೇಳುತ್ತಿರುವಂತೆ ತೋರುತ್ತಿತ್ತು.

“ಎಷ್ಟು ಛಂದ ಓಡ್ತದ ನೋಡ್ರಿ!”

“ನೋಡಿದೆ. ಬಾಯಿ ಮುಚ್ಚಿ ಓಡಿಸಿ.”

ಮನ್ಮಾಡ್ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮುಂದಿನಿಂದ ಒಂದು ಸದ್ದು ಕೇಳಿಬಂತು. ಮೊದಲು ಎರಡು ಸೀನು, ಆಮೇಲೆ ಹದವಾದ ಕೆಮ್ಮು. ವಾರಿಜಾಕ್ಷಿಯಮ್ಮನವರು ಕೂತಲ್ಲೇ ಇನ್ನೂ ನೆಟ್ಟಗಾದರು. ಕಳೆದುಹೋದ ಮಗುವಿನ ಅಳುವನ್ನು ಜಾತ್ರೆಯ ಗದ್ದಲದಲ್ಲಿ ಗುರುತಿಸುವ ತಾಯಿಯಂತೆ ಅವರು ಆ ಕೆಮ್ಮನ್ನು ಗುರುತಿಸಿದರು. ತಿರುವಿನಲ್ಲಿ, ಬಿಳಿಯ ಹೊಗೆಯ ನಡುವೆ, ಆ ಈರುಳ್ಳಿ ಲಾರಿ ನಡುಗುತ್ತ ನಿಂತಿತ್ತು.

ಅದರ ಮಾಲೀಕ ಪಂಢರಿನಾಥನು ಸಮಿತಿಯ ಲಾರಿಯನ್ನು ಕಂಡು ಓಡಿಹೋಗಬಹುದಿತ್ತು. ಹಾಗೆ ಮಾಡದೆ ರಸ್ತೆಯ ನಡುವೆ ಕೈಚಾಚಿ ನಿಂತು ಅಡ್ಡಗಟ್ಟಿದ. ಅವನ ಕಣ್ಣಲ್ಲಿ ನೀರಿತ್ತು.

“ಬಾಯಿ! ಹೆ ಕಸಲಂ ಡಿಝೆಲ್?” ಎಂದು ಮರಾಠಿಯಲ್ಲಿ ಅಬ್ಬರಿಸಿದ. ಇದೆಂಥ ಡೀಸೆಲ್ ಎಂದು ಅವನು ಕೇಳುತ್ತಿದ್ದ. ತಾನು ಹೆಂಡತಿ ಮಕ್ಕಳಿರುವವನು, ಈರುಳ್ಳಿ ಬಿಸಿಲಿಗೆ ಕೊಳೆಯುತ್ತಿದೆ, ನಂಬಿ ತೆಗೆದುಕೊಂಡವನಿಗೆ ಹೀಗೆ ಮೋಸ ಮಾಡಬಹುದೇ ಎಂದ. ಕೊನೆಗೆ ಅವನು ಆ ಮಾತನ್ನು ಆಡಿಯೇಬಿಟ್ಟ. “ಶಿಳಂ ಆಹೆ, ಬಾಯಿ, ಶಿಳಂ!”

ನಿನ್ನೆಯ ಅನ್ನಕ್ಕೆ, ಮೊನ್ನೆಯ ಪಲ್ಯಕ್ಕೆ ಮರಾಠಿಯವರು ಅನ್ನುವ ಮಾತದು. ಹಳಸಿದ್ದು. ಮೂರು ತಲೆಮಾರಿನಲ್ಲಿ ಮೊದಲ ಬಾರಿಗೆ ಆ ಮನೆತನದ ಕಿವಿಗೆ ಅದು ಬಿದ್ದಿತು.

ವಾರಿಜಾಕ್ಷಿಯಮ್ಮನವರು ಕೊಡೆಯ ತುದಿಯನ್ನು ನೆಲಕ್ಕೆ ಊರಿ ಮರಾಠಿಯಲ್ಲೇ ಹೇಳಿದರು: “ಈ ಮಾತನ್ನು ಮುಹೂರ್ತದ ನಂತರ ವಿಚಾರಿಸಲಾಗುವುದು. ಬರುವ ಭಾನುವಾರ ನಾಸಿಕ್ ರೋಡಿನ ಗೋದಾಮಿಗೆ ಬನ್ನಿ. ಈಗ ನಮ್ಮದನ್ನು ನಮಗೆ ಕೊಡಿ.”

ಪಂಢರಿನಾಥ ಕೊಟ್ಟಷ್ಟು ಸಂತೋಷದಿಂದ ಕದ್ದ ಮಾಲನ್ನು ಯಾರೂ ಹಿಂದಿರುಗಿಸಿರಲಾರರು. ಖಾಲಿ ಎಣ್ಣೆ ಡಬ್ಬಗಳನ್ನು ಇಳಿಸಿ ಉಳಿದುದನ್ನೆಲ್ಲ ತುಂಬಿಸಿಕೊಳ್ಳಲಾಯಿತು. ರೇವಣಪ್ಪ ಭಯದಿಂದ ಕೇಳಿದ: “ಈಗ ಇದನ್ನ ನಮ್ಮ ಟ್ಯಾಂಕಿಗಿ ಹಾಕೂದೇನ್ರಿ?”

ವಾರಿಜಾಕ್ಷಿಯಮ್ಮನವರು ಸೂರ್ಯನನ್ನು ನೋಡಿದರು. ಔರಂಗಾಬಾದ್ ಇನ್ನೂ ದೂರವಿತ್ತು. ಕೃಷ್ಣರಾಜರ ತಂದೆಯ ಹೆಸರಿನ ಕೊಪ್ಪರಿಗೆಗಳು ಅಲ್ಲಿ ಬಾಯಿ ತೆರೆದು ಕಾಯುತ್ತಿದ್ದವು.

“ಹೆಪ್ಪನ್ನು ಪ್ರಯಾಣದಲ್ಲಿ ಅಲುಗಾಡಿಸಬಾರದು,” ಎಂದರು. “ಒಡೆಯುತ್ತದೆ. ಊರಿಗೆ ಹೋದ ಮೇಲೆ ಹಾಕಿದರಾಯಿತು.”

“ಹಂಗೇ ಆಗ್ಲಿ ಬಾಯಾರ,” ಎಂದು ರೇವಣಪ್ಪ ಡಬ್ಬಗಳನ್ನು ಹಸುಗೂಸಿನಂತೆ, ಲಾರಿಯಲ್ಲಿ ಪಾತ್ರೆಗಳಿಗೆ ಹಾಸಿದ್ದ ಹುಲ್ಲಿನ ನಡುವೆ ಇಟ್ಟ.

ಮದುವೆ ನಡೆಯಿತು. ಪಂಕ್ತಿಯಲ್ಲಿ ಕೂತ ಕೃಷ್ಣರಾಜರು ಅನ್ನದ ಸೌಟಿನ ಮೇಲೆ, ಸಾರಿನ ಸೌಟಿನ ಮೇಲೆ, ಪಾಯಸ ಬಂದಾಗ ಪಾಯಸದ ಸೌಟಿನ ಮೇಲೆ ದೇವದಾಸರ ಹೆಸರನ್ನೇ ಓದಿದರು. ಮಜ್ಜಿಗೆಯ ಹೊತ್ತಿಗೆ ಓದುವುದನ್ನು ನಿಲ್ಲಿಸಿ ಊಟ ಮಾಡಿದರು. ಕೈತೊಳೆಯುವಾಗ, “ನಿಮ್ಮ ಲಾರಿ ಎಂಥ ಚಂದ ಬಂತು! ಶಬ್ದವೇ ಇಲ್ಲ!” ಎಂದರು. ವಾರಿಜಾಕ್ಷಿಯಮ್ಮನವರು ಮುಗುಳ್ನಕ್ಕರು. “ಮಾವನವರ ಹೆಪ್ಪು,” ಎಂದರು.

ಈ ಎರಡು ಪದಗಳ ಪರಿಣಾಮ ಭಾನುವಾರ ಕಂಡುಬಂತು. ಗೋದಾಮಿನ ಮುಂದೆ ಡಬ್ಬದ ಡೀಸೆಲ್ಲನ್ನು ವಿಧಿಪೂರ್ವಕವಾಗಿ ಟ್ಯಾಂಕಿಗೆ ಹೊಯ್ದು, ಕೋಲಿನಿಂದ ತಿರುವಿ, ಕೀಲಿ ತಿರುಗಿಸಲಾಯಿತು. ಲಾರಿ ಸೀನಿತು. ನಡುಗಿ, ಬಿಳಿಯ ಹೊಗೆ ಬಿಟ್ಟು, ಮೊದಲಿನಂತೆಯೇ ಕೆಮ್ಮಿತು. ಸದಸ್ಯರು ಚಪ್ಪಾಳೆ ತಟ್ಟಿದರು. ರತ್ನಾಕರರು ಕಣ್ಣೊರೆಸಿಕೊಂಡು, “ದೇವದಾಸರೇ ಕೆಮ್ಮಿದ ಹಾಗಾಯಿತು,” ಎಂದರು. ಔರಂಗಾಬಾದಿನಿಂದ ಖುದ್ದಾಗಿ ಬಂದಿದ್ದ ಕೃಷ್ಣರಾಜರು ಹಿತ್ತಾಳೆಯ ಚೆಂಬೊಂದನ್ನು ಮುಂದೆ ಹಿಡಿದು, ತಮ್ಮ ಕಡೆಯ ಲಾರಿಗೂ ಸ್ವಲ್ಪ ಹೆಪ್ಪು ಬೇಕೆಂದು ಕೇಳಿದರು. ಮುಸ್ಸಂಜೆಯ ಮೇಲೆ ಹೆಪ್ಪು ಕೊಡುವ ಪದ್ಧತಿ ಇಲ್ಲದಿರುವುದರಿಂದ ಕೂಡಲೇ ಅಳೆದು ಕೊಡಲಾಯಿತು. ನಿಂತ ವಾಹನಗಳಿಗೆಲ್ಲ ಇದೇ ಕ್ರಮ ಅನುಸರಿಸತಕ್ಕದ್ದು ಎಂಬ ಎರಡನೆಯ ನಿಯಮವನ್ನು ಸದಾನಂದರು ಮಂಡಿಸಿದರು. ಅನುಮೋದಿಸಿದವನು ಇಂಜಿನಿಯರ್ ಜಯರಾಮ. ಅವನ ನಿಶ್ಚಿತಾರ್ಥಕ್ಕೆ ಸಮಿತಿಯ ಕೊಪ್ಪರಿಗೆಗಳು ಬೇಕಾಗಿದ್ದವು.

ಆ ಹೊತ್ತಿಗೆ ಬೀದಿಯಲ್ಲಿ ಕೆಮ್ಮುತ್ತ ಪಂಢರಿನಾಥನ ಲಾರಿ ಬಂದು ನಿಂತಿತು. ಅವನಿಗೆ ಕೊಪ್ಪರಿಗೆಯೊಂದನ್ನು ಮಗುಚಿ ಕೂರಿಸಿ ಕಾಫಿ ಕೊಡಲಾಯಿತು. ಟ್ಯಾಂಕ್ ತೊಳೆಸಿದರೂ ತನ್ನ ಲಾರಿಯ ಕೆಮ್ಮು ಹೋಗುತ್ತಿಲ್ಲ, ಸಮಿತಿಯೇ ದಾರಿ ತೋರಿಸಬೇಕು ಎಂದು ಅವನು ಬೇಡಿಕೊಂಡ. ಹೋಗಗೊಡಬೇಡಿ, ಅದು ಹೆಪ್ಪು, ಮೇಲೆ ಹೊಸದು ಹೊಯ್ಯುತ್ತ ಬನ್ನಿ ಎಂದು ಸದಾನಂದರು ಬುದ್ಧಿ ಹೇಳಿದರು. ಪಂಢರಿನಾಥ ಯೋಚಿಸಿ, ತನ್ನ ತಾಯಿಯೂ ಮೊಸರಿಗೆ ಹಾಗೆಯೇ ಮಾಡುತ್ತಾಳೆಂದು ಒಪ್ಪಿಕೊಂಡ. ಆಮೇಲೆ ತಲೆ ತಗ್ಗಿಸಿ, ಚಾಂದವಡದಲ್ಲಿ ಕದ್ದದ್ದು ತಪ್ಪಾಯಿತು ಎಂದ.

“ಕಾಲ ಕೆಟ್ಟಿದೆ, ಯಾರು ಕದಿಯುವುದಿಲ್ಲ?” ಎಂದು ರತ್ನಾಕರರು ಅವನ ಬೆನ್ನು ತಟ್ಟಿದರು. ಸಭೆಯೂ ತಲೆಯಾಡಿಸಿತು.

ವಾರಿಜಾಕ್ಷಿಯಮ್ಮನವರು ಎದ್ದು ನಿಂತರು. ಹೊರಗೆ ಎರಡು ಲಾರಿಗಳು ಸರದಿಯಂತೆ ಕೆಮ್ಮುತ್ತಿದ್ದವು.

“ಕಳ್ಳತನದ ವಿಷಯ ಬಿಡಿ,” ಎಂದರು. “ಹಳಸಿದ್ದು ಎಂದಿರಿ. ಅದಕ್ಕೆ ಕ್ಷಮೆ ಕೇಳಿ.”